ಬಾನೆಟ್ ಮೇಲೆ ಒಂಬತ್ತೂವರೆ ಟನ್ ಗಾಳಿ

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಹರಿಗೋಲುಗಳ ಬಗ್ಗೆ ಬರೆದಿದ್ದಾನೆ: ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನರನ್ನು ದಾಟಿಸುವ ತಾಕತ್ತು. ಭಾರಕ್ಕೆ ಒಂದು ವಸ್ತು, ನೀರು ತಡೆಯಲು ಇನ್ನೊಂದು. ಇಂದಿನ ಫೈಬರ್ ಭಾಗಗಳೂ ಹೀಗೆ ಎರಡು ವಸ್ತುಗಳ ಕೂಟವೇ. ಗಾಜಿನ ಅಥವಾ ಕಾರ್ಬನ್ ಎಳೆ ಭಾರ ಹೊರುತ್ತದೆ. ರೆಸಿನ್ ಆ ಎಳೆಗಳನ್ನು ಅಲುಗದಂತೆ ಹಿಡಿದಿಡುತ್ತದೆ. ರೆಸಿನ್ ಹೆಚ್ಚಾದರೆ ತೂಕ ದಂಡ, ನಡುವೆ ಗಾಳಿ ಉಳಿದರೆ ಬಲ ದಂಡ. ಹಾಗಾಗಿ ಹೊಸಪೇಟೆಯ ಶೆಡ್ಡಿನಲ್ಲಿ ಕಾರಿನ ಬಾನೆಟ್ ಮಾಡಿಕೊಳ್ಳುವವರಿಗೆ ಬ್ರಷ್‌ಗಿಂತ ವ್ಯಾಕ್ಯೂಮ್ ಪಂಪೇ ಮೇಲು ಎನ್ನುತ್ತೇನೆ.

ಕಾರಣ ಇಲ್ಲಿನ ಬಿಸಿಲಿನಲ್ಲೇ ಇದೆ. ತಾಪಮಾನ 10 ಡಿಗ್ರಿ ಏರಿದರೆ ರೆಸಿನ್ ಗಟ್ಟಿಯಾಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಏಪ್ರಿಲ್‌ನ 40 ಡಿಗ್ರಿಯಲ್ಲಿ ಪದರ ಪದರಕ್ಕೂ ಬ್ರಷ್ ಎಳೆಯುವವನಿಗೆ ಅವಸರ ತಪ್ಪಿದ್ದಲ್ಲ. ಪಂಪಿನ ನಿರ್ವಾತದಿಂದ ರೆಸಿನ್ ಎಳೆಸುವ ಇನ್‌ಫ್ಯೂಷನ್‌ನಲ್ಲಾದರೆ ಮೇಣ ಉಜ್ಜಿದ ಅಚ್ಚಿನಲ್ಲಿ ಎಳೆಯ ಬಟ್ಟೆಯನ್ನು ಒಣಗಿರುವಾಗಲೇ, ಎಷ್ಟು ಹೊತ್ತಾದರೂ ಕೂತು ಹಾಸಬಹುದು. ಮೇಲೆ ಕೊನೆಗೆ ಸುಲಿದು ತೆಗೆಯುವ ಪೀಲ್ ಪ್ಲೈ ಬಟ್ಟೆ, ರೆಸಿನ್ ಹರಿಯಲು ಜಾಲರಿ, ಪ್ಲಾಸ್ಟಿಕ್ ಹಾಳೆ, ಅಂಚಿಗೆ ಅಂಟುಪಟ್ಟಿ. ಪಂಪ್ ಗಾಳಿ ಎಳೆದ ಮೇಲೆ ನಳಿಕೆ ಮುಚ್ಚಿ ಅರ್ಧ ಗಂಟೆ ಬಿಡಬೇಕು. ಗೇಜಿನ ಮುಳ್ಳು ಕದಲದಿದ್ದರೆ ಮಾತ್ರ ರೆಸಿನ್ ಕಲಸಬೇಕು. ಸಮುದ್ರಮಟ್ಟಕ್ಕಿಂತ ಅರ್ಧ ಕಿಲೋಮೀಟರ್‌ನಷ್ಟು ಎತ್ತರದ ಈ ಊರಿನಲ್ಲೂ ಒಂದು ಚದರ ಮೀಟರ್ ಹಾಳೆಯನ್ನು ವಾತಾವರಣ ಒಂಬತ್ತೂವರೆ ಟನ್ನಿನಷ್ಟು ಒತ್ತುತ್ತದೆ. ಯಾವ ರೋಲರಿಗೂ ಆ ಬಲವಿಲ್ಲ. ಆ ಒತ್ತಡದಲ್ಲೇ ರೆಸಿನ್ ಬಟ್ಟೆಯೊಳಗೆ ಹರಿದು, ಕಪ್ಪಾಗುತ್ತಾ ಮುಂದೆ ಸಾಗುವ ಒದ್ದೆ ಗೆರೆ ಕಣ್ಣಿಗೇ ಕಾಣುತ್ತದೆ. ಕೈಕೆಲಸದಲ್ಲಿ ಮೂರನೇ ಒಂದು ಭಾಗದಷ್ಟಿರುವ ಎಳೆಯ ಪ್ರಮಾಣ ಇಲ್ಲಿ ಅರ್ಧ ದಾಟುತ್ತದೆ.

ಬೆಂಗಳೂರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ಇದೇ ತತ್ವವನ್ನು 'ವೆರಿಟಿ' ಎಂಬ ಹೆಸರಿನಲ್ಲಿ ಬೆಳೆಸಿ ಸರಸ್ ವಿಮಾನದ ರೆಕ್ಕೆಗೆ ಬಳಸಿತು. ಅಲ್ಲಿ ಓವನ್ನಿದೆ, ತಪಾಸಣೆಯಿದೆ. ಶೆಡ್ಡಿನಲ್ಲಿ ಏನಿದೆ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ವಿಮಾನದ ಭರವಸೆ ಶೆಡ್ಡಿಗೆ ಬಾರದು. ಬಾನೆಟ್, ಮಡ್‌ಗಾರ್ಡ್, ಡ್ಯಾಶ್‌ಬೋರ್ಡ್‌ಗಳಿಗೆ ಅಷ್ಟು ಬೇಕಾಗಿಯೂ ಇಲ್ಲ. ಸೀಟು, ಬೆಲ್ಟು ಬಿಗಿಯುವ ಭಾಗಗಳನ್ನಂತೂ ಮನೆಯಲ್ಲಿ ಮಾಡಲೇಕೂಡದು. ಬಿಸಿಲು ಇನ್‌ಫ್ಯೂಷನ್ನಿಗೂ ಶತ್ರುವಲ್ಲವೇ? ಹೌದು, ಬಕೆಟ್ಟಿನಲ್ಲಿ ಉಳಿದ ರೆಸಿನ್ ತಾನೇ ಕಾದು ಹೊಗೆಯಾಡಬಹುದು. ನಿಧಾನ ಹಾರ್ಡನರ್ ಆರಿಸಿ, ಬೆಳಗಿನ ಜಾವ, ಸ್ವಲ್ಪ ಸ್ವಲ್ಪವೇ ಕಲಸಿದರೆ ಆಯಿತು. ಒಮ್ಮೆ ಬಳಸಿ ಎಸೆಯುವ ಹಾಳೆ, ಜಾಲರಿಗಳ ಖರ್ಚಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಸಣ್ಣ ತುಂಡಿಗೆ ಬ್ರಷ್ಷೇ ಸಾಕು. ಇನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ: ನೋಂದಣಿ ಪತ್ರದ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಅಚ್ಚು ತೆಗೆಯುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.