ಹಲಸೂರು ಕೆರೆಯಲ್ಲಿ ಎಷ್ಟು ಮೀನು ಹಿಡಿಯಬಹುದು?

ಮೀನಿಗಾಗಿ ಕೆರೆ ಗುತ್ತಿಗೆ ಹಿಡಿದವರಿಗೂ ಕೆರೆಯ ಜೀವ ಉಳಿಯಲಿ ಎನ್ನುವವರಿಗೂ ಇರುವ ಪ್ರಶ್ನೆ ಒಂದೇ: ಎಷ್ಟು ಹಿಡಿದರೆ ಅತಿಯಾಗುವುದಿಲ್ಲ?

ಇದಕ್ಕೊಂದು ಹೆಸರಾಂತ ಸೂತ್ರವಿದೆ. ಬೆಲ್ಜಿಯಂನ ಗಣಿತಜ್ಞ ವೆರ್‌ಹುಲ್ಸ್ಟ್ 1838ರಲ್ಲಿ ಜನಸಂಖ್ಯೆಗೆಂದು ಬರೆದದ್ದನ್ನು 1954ರಲ್ಲಿ ಅಮೆರಿಕದ ಜೀವವಿಜ್ಞಾನಿ ಶೇಫರ್ ಮೀನುಗಾರಿಕೆಗೆ ಒಗ್ಗಿಸಿದರು. ಮೀನು ತೀರ ಕಡಿಮೆಯಾದರೆ ಮರಿ ಮಾಡುವವೇ ಇಲ್ಲ; ತೀರ ಹೆಚ್ಚಾದರೆ ಮೇವು ಸಾಲದು. ಕೆರೆ ಸಾಕಬಲ್ಲ ಗರಿಷ್ಠ ಮೀನಿನ, ಅಂದರೆ ಧಾರಣ ಸಾಮರ್ಥ್ಯದ, ಅರ್ಧದಷ್ಟು ಮೀನಿದ್ದಾಗ ಹುಟ್ಟುವಳಿ ಅತಿ ಹೆಚ್ಚು. ಸಾಮರ್ಥ್ಯ 40 ಟನ್, ವಾರ್ಷಿಕ ವೃದ್ಧಿದರ 0.5 ಎಂದಿಟ್ಟುಕೊಳ್ಳಿ. ಇವೆರಡರ ಗುಣಲಬ್ಧದ ಕಾಲುಭಾಗ, ಅಂದರೆ 5 ಟನ್, ವರ್ಷಾವರ್ಷ ಹಿಡಿಯಬಹುದು.

ನಮ್ಮ ಕೆರೆಗಳಿಗೆ ಬಂದರೆ ಸೂತ್ರ ಕೈಕೊಡುತ್ತದೆ. ಕಾಟ್ಲಾ, ರೋಹು, ಮೃಗಾಲ್ ಗೆಂಡೆಮೀನುಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಮಳೆಗಾಲದ ಹೊಳೆಯೇ ಬೇಕು. 1957ರಲ್ಲಿ ಮೀನುವಿಜ್ಞಾನಿ ಹೀರಾಲಾಲ್ ಚೌಧುರಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆಮೀನುಗಳಿಂದ ಮೊಟ್ಟೆಯಿಡಿಸಿದರು. ಬಿತ್ತನೆ ಮರಿ ಧಾರಾಳವಾಗಿ ಸಿಗತೊಡಗಿದ್ದು ಆಮೇಲೆ. ಬಿಟ್ಟ ಮೀನು ಕೆರೆಯಲ್ಲಿ ಮರಿಮಾಡುವುದಿಲ್ಲವಾದ್ದರಿಂದ ಅಲ್ಲಿ ಕಾಟ್ಲಾದ ವೃದ್ಧಿದರ ಸೊನ್ನೆ. ಇಲ್ಲಿ ಕೇಳಬೇಕಾದದ್ದು ‘ಎಷ್ಟು’ ಎಂದಲ್ಲ, ‘ಯಾವಾಗ’ ಎಂದು. 10,000 ಮರಿ ಬಿಟ್ಟು, ವರ್ಷಕ್ಕೆ ಅರ್ಧದಷ್ಟು ಸಾಯುತ್ತವೆ ಎನ್ನೋಣ. ಮೊದಲ ವರ್ಷದ ಕೊನೆಗೆ 800 ಗ್ರಾಂ ತೂಗುವ 5,000 ಮೀನು: 4 ಟನ್. ಎರಡನೆಯ ವರ್ಷ ಒಂದೂವರೆ ಕಿಲೋದ 2,500 ಮೀನು: 3.75 ಟನ್. ಮೀನು ದಪ್ಪವಾಗಲಿ ಎಂದು ಕಾದವರಿಗೆ ನಷ್ಟ! ಕೆರೆಯಲ್ಲೇ ಮರಿಮಾಡುವ ತಿಲಾಪಿಯಾಕ್ಕೆ, ನಮ್ಮ ‘ಜಿಲೇಬಿ’ಗೆ, ಶೇಫರ್ ಸೂತ್ರ ಎಷ್ಟೋ ವಾಸಿ. ಆದರೆ ಆ ಮೀನನ್ನು ಉಳಿಸಿಕೊಡಿ ಎಂದು ಯಾರೂ ಕೇಳುತ್ತಿಲ್ಲ.

ಇನ್ನು ಧಾರಣ ಸಾಮರ್ಥ್ಯ. ಸೂತ್ರದಲ್ಲಿ ಅದು ಅಲುಗದ ಅಂಕಿ. ಕೆರೆಯಲ್ಲಿ ಹಾಗಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯ ಮೀನುಗಳು ಸಾವಿರಗಟ್ಟಲೆ ಸತ್ತು ತೇಲಿದವು. ಕೊಳಚೆ ಸೇರಿದ ನೀರಿನಲ್ಲಿ ಪಾಚಿ ಹಗಲೆಲ್ಲ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಅದನ್ನು ಉಸಿರಾಡಿ ಖಾಲಿಮಾಡುತ್ತದೆ. ಕೊಳಚೆ ಕರಗಿಸುವ ಸೂಕ್ಷ್ಮಜೀವಿಗಳದ್ದೂ ಪಾಲಿದೆ. ವರ್ಷದ ಸರಾಸರಿಯಿಂದ ಇಂಥ ಕೆರೆಯ ಅಳತೆ ಸಿಗದು. ವರ್ಷದ ಅತಿ ಕೆಟ್ಟ ನಸುಕಿನಲ್ಲಿ ಎಷ್ಟು ಮೀನಿಗೆ ಉಸಿರು ಸಾಕಾಗುತ್ತದೋ ಅಷ್ಟೇ ಅದರ ಸಾಮರ್ಥ್ಯ. ಹಾಗಾಗಿ ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ನೀರಿನ ಮಾದರಿ ಈ ಲೆಕ್ಕಕ್ಕೆ ಬಾರದು. ಆಮ್ಲಜನಕದ ಮೀಟರನ್ನು ಇಳಿಸಬೇಕಾದದ್ದು ಬೆಳಗಿನ ಜಾವ ಐದಕ್ಕೆ.