ಕತ್ತಲೆಯಲ್ಲಿ ಬೆಟ್ಟ ಹತ್ತುವ ಮುನ್ನ

ಹುಲಿಯೂರುದುರ್ಗದ ಬೆಟ್ಟವನ್ನು ಬಲ್ಲವರು ಅದರ ಬಂಡೆಯ ಸ್ವಭಾವವನ್ನೂ ಬಲ್ಲರು. ಹಗಲಿನಲ್ಲಿ ಕಾಲಿಗೆ ಆಧಾರವಾದ ಕಲ್ಲೇ ನಾಲ್ಕು ಹನಿ ಬಿದ್ದೊಡನೆ ಜಾರತೊಡಗುತ್ತದೆ. ಇಂಥ ಬೆಟ್ಟಕ್ಕೆ ಹೋದ ಹುಡುಗನೊಬ್ಬ ಇರುಳಾದರೂ ಮರಳಲಿಲ್ಲವೆಂದು ಭಾವಿಸೋಣ. ತಾಯಿಯ ಗೋಳನ್ನು ಕೇಳಿ ಊರಿನ ತರುಣರು ಸುಮ್ಮನೆ ಕುಳಿತಾರೆಯೆ? ಟಾರ್ಚು ಹಿಡಿದು ದಿಕ್ಕಿಗೊಬ್ಬರಂತೆ ಓಡುತ್ತಾರೆ. ಅವರ ಕರುಣೆಯನ್ನು ಯಾರೂ ಹಳಿಯಲಾರರು. ಆದರೆ ಆ ಓಟದಿಂದ ಹುಡುಗನಿಗೆ ಆಗುವ ಉಪಕಾರವೆಷ್ಟು?

ಹುಡುಕುವ ಕಾರ್ಯಕ್ಕೆ ಒಂದು ಲೆಕ್ಕವಿರಬೇಕು. ಎಲ್ಲಿ ನೋಡಿಯಾಯಿತು, ಎಲ್ಲಿ ಉಳಿಯಿತು ಎಂಬುದು ಒಬ್ಬರಿಗಾದರೂ ತಿಳಿದಿರಬೇಕು. ಲೆಕ್ಕವಿಲ್ಲದೆ ಹೊರಟವರು ಒಂದೇ ಪೊದೆಯನ್ನು ಹತ್ತು ಸಲ ಬಡಿದು, ಪಕ್ಕದ ಕೊರಕಲನ್ನು ಬಿಟ್ಟುಬಿಡುತ್ತಾರೆ. ಹುಡುಗನ ಹೆಜ್ಜೆಗುರುತು ಅವರ ಕಾಲಡಿಯಲ್ಲಿ ಅಳಿಸಿಹೋಗುತ್ತದೆ. ಅವನ ಕ್ಷೀಣವಾದ ದನಿ ಅವರ ಕೂಗಿನಲ್ಲಿ ಅಡಗಿಹೋಗುತ್ತದೆ. ಮೇಲಿನವನ ಕಾಲು ತಗುಲಿದ ಕಲ್ಲು ಕೆಳಗಿನವನ ಮೇಲೆ ಉರುಳಬಹುದು. ಹೋದವರಲ್ಲಿ ಒಬ್ಬನು ಬಾರದಿದ್ದರೆ, ಅಗ್ನಿಶಾಮಕ ದಳದವರು ಇಬ್ಬರನ್ನು ಹುಡುಕಬೇಕಾಗುತ್ತದೆ.

ಇದು ಕೇವಲ ಊಹೆಯಲ್ಲ. 2021ರ ಜುಲೈ ತಿಂಗಳಲ್ಲಿ ಮಧ್ಯಪ್ರದೇಶದ ವಿದಿಶಾ ಜಿಲ್ಲೆಯ ಗಂಜ್ ಬಾಸೋದಾ ಬಳಿಯ ಹಳ್ಳಿಯೊಂದರಲ್ಲಿ ಬಾಲಕನೊಬ್ಬನು ಬಾವಿಗೆ ಬಿದ್ದನು. ಅವನನ್ನು ಎತ್ತಲು ಜನ ಮುತ್ತಿದರು. ನೆರೆದವರ ಭಾರಕ್ಕೆ ಬಾವಿಯ ಅಂಚು ಕುಸಿದು ಅನೇಕರು ಒಳಗೆ ಬಿದ್ದರು. 11 ಮಂದಿ ಪ್ರಾಣ ನೀಗಿದರು. ಬಳಕೆಯಿಲ್ಲದ ಬಾವಿಗಳಲ್ಲಂತೂ ಬೇರೊಂದು ವೈರಿಯಿದೆ. ಅಲ್ಲಿ ಇಂಗಾಲದ ಡೈಆಕ್ಸೈಡು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಮೊದಲು ಇಳಿದವನು ಮೂರ್ಛೆ ಹೋಗುತ್ತಾನೆ. ಅವನನ್ನು ಎತ್ತಲು ಇಳಿದ ಅಣ್ಣನೂ ಮೇಲೆ ಬರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿಯೇ 2024ರ ಅಕ್ಟೋಬರ್ ಕೊನೆಯಲ್ಲಿ, ತುಮಕೂರಿನ ಸಮೀಪದ ಮೈದಾಳ ಕೆರೆಯ ಕೋಡಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಜಾರಿ, ಬಂಡೆಗಳ ಸಂದಿಯಲ್ಲಿ ಸಿಲುಕಿದಳು. ಅಗ್ನಿಶಾಮಕ ದಳದವರೂ ಪೊಲೀಸರೂ ಬಂದರು. ಮರಳಿನ ಮೂಟೆಗಳನ್ನು ಒಡ್ಡಿ ಹರಿವ ನೀರನ್ನು ಬೇರೆಡೆಗೆ ತಿರುಗಿಸಿದರು. ಮರುದಿನ ಅವಳು ಜೀವಂತವಾಗಿ ಹೊರಬಂದಳು. ಆತುರದಿಂದ ಆ ನೀರಿಗೆ ಧುಮುಕಿದವನಿಗೆ ಈ ಉಪಾಯ ಹೊಳೆಯುತ್ತಿತ್ತೆ?

ಹಾಗೆಂದು ಊರವರಿಗೆ ಕೆಲಸವೇ ಇಲ್ಲವೆಂದಲ್ಲ. ಮೊದಲು 112ಕ್ಕೆ ಕರೆಮಾಡಬೇಕು. ಹುಡುಗನನ್ನು ಕಡೆಯ ಬಾರಿಗೆ ಕಂಡವನು ಬೆಟ್ಟದ ಬುಡದಲ್ಲಿಯೇ ಇರಬೇಕು. ದಳದವರು ಮೊದಲು ವಿಚಾರಿಸುವುದು ಅವನನ್ನೇ. ಆಡು ಕಾಯುವ ಮುದುಕನಿಗೆ ಯಾವ ಬಿರುಕು ಎಲ್ಲಿಗೆ ಇಳಿಯುತ್ತದೆಂಬುದು ಗೊತ್ತು. ಯಾವ ನಕ್ಷೆಯಲ್ಲಿಯೂ ಇಲ್ಲದ ಆ ತಿಳಿವಳಿಕೆಯನ್ನು ಅವರಿಗೆ ಒಪ್ಪಿಸಬೇಕು. ಅವರು ಬಾ ಎಂದರೆ ಜೊತೆಗೆ ಹೋಗಬೇಕು, ನಿಲ್ಲು ಎಂದಲ್ಲಿ ನಿಲ್ಲಬೇಕು. ಒಬ್ಬರು ಆ ತಾಯಿಯ ಬಳಿ ಕುಳಿತಿರಬೇಕು.