ಮಕ್ಕಳ ಹಲ್ಲಿನ ಖರ್ಚು: ಪುಣೆಯಲ್ಲಿ ವಿಮೆ ನೆರವಾಗುವುದೆಷ್ಟು?

ಭಾರತದಲ್ಲಿ ಮಕ್ಕಳ ಹಲ್ಲಿನ ಚಿಕಿತ್ಸೆಯ ಹಣ ಬಹುಮಟ್ಟಿಗೆ ಮನೆಯವರ ಜೇಬಿನಿಂದಲೇ ಹೋಗುತ್ತದೆ. ಪುಣೆಯಂಥ ಊರೂ ಇದಕ್ಕೆ ಹೊರತಲ್ಲ. ವಿಮೆಯ ಪಾಠ ಹೇಳುವ ರಾಷ್ಟ್ರೀಯ ವಿಮಾ ಅಕಾಡೆಮಿ ಇಲ್ಲಿನ ಬಾಲೇವಾಡಿಯಲ್ಲಿದೆ. ವಿಮೆಯ ದೂರು ಕೇಳುವ ಒಂಬುಡ್ಸ್‌ಮನ್ ಕಚೇರಿಯೊಂದು ನಾರಾಯಣ ಪೇಟೆಯಲ್ಲಿದೆ. ಆದರೂ ಹಿಂಜವಡಿಯ ಸಾಫ್ಟ್‌ವೇರ್ ನೌಕರರಿರಲಿ, ಕಲಬುರಗಿ, ವಿಜಯಪುರ ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೆ ನಿಂತವರಿರಲಿ, ಮಗುವಿನ ಹುಳುಕು ಹಲ್ಲಿನ ಬಿಲ್ಲನ್ನು ತಕರಾರಿಲ್ಲದೆ ಭರಿಸುವ ಪಾಲಿಸಿ ಅವರ ಕೈಯಲ್ಲಿರುವುದು ಅಪರೂಪ. ವಿಮೆ ಇದ್ದೂ ಹಣ ಬರಲಿಲ್ಲವೆಂಬ ದೂರಿನ ಮೂಲ ಎಷ್ಟೋ ಸಲ ಪಾಲಿಸಿಯ ಕಾಗದದಲ್ಲೇ ಇರುತ್ತದೆ. ಅದನ್ನು ಬಿಡಿಸಿ ನೋಡುವ ಮುನ್ನ ಈ ಖರ್ಚು ಯಾವಾಗ, ಹೇಗೆ ಬರುತ್ತದೆಂದು ತಿಳಿಯಬೇಕು.

ಮಗುವಿಗೆ ಹಾಲುಹಲ್ಲು 20. ಸುಮಾರು ಆರನೇ ತಿಂಗಳಲ್ಲಿ ಮೊದಲನೆಯದು ಕಾಣಿಸಿಕೊಂಡು, ಮೂರು ವರ್ಷದೊಳಗೆ ಎಲ್ಲವೂ ಬಂದಿರುತ್ತವೆ. ‘ಹೇಗಿದ್ದರೂ ಬಿದ್ದುಹೋಗುವ ಹಲ್ಲು, ಅದಕ್ಕೇಕೆ ದುಡ್ಡು’ ಎಂಬ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಮುಂದಿನ ಹಲ್ಲುಗಳ ಮಟ್ಟಿಗೆ ಅದು ಅಷ್ಟಿಷ್ಟು ನಿಜ, ಅವು ಆರೇಳು ವರ್ಷಕ್ಕೆ ಉದುರುತ್ತವೆ. ಆದರೆ ಹಾಲಿನ ದವಡೆಹಲ್ಲು ಹತ್ತರಿಂದ ಹನ್ನೆರಡು ವರ್ಷದವರೆಗೂ ಇರಬೇಕು. ನಾಲ್ಕನೇ ವರ್ಷಕ್ಕೆ ಹುಳುಕು ಹಿಡಿದರೆ ಅದರೊಂದಿಗೆ ಇನ್ನೂ ಆರೆಂಟು ವರ್ಷ ಏಗಬೇಕು. ಮೊದಲೇ ಕಿತ್ತರೆ ಪಕ್ಕದ ಹಲ್ಲುಗಳು ಆ ಜಾಗಕ್ಕೆ ವಾಲಿಕೊಂಡು, ಕೆಳಗಿನಿಂದ ಬರಬೇಕಾದ ಶಾಶ್ವತ ಹಲ್ಲಿಗೆ ದಾರಿ ಇಲ್ಲದಂತಾಗುತ್ತದೆ. ಆಗ ಜಾಗ ಕಾಯಲು ತಂತಿಯ ಸಾಧನ ಹಾಕಬೇಕು, ಹನ್ನೆರಡು ವರ್ಷದ ಹೊತ್ತಿಗೆ ಕ್ಲಿಪ್ಪಿನ ಖರ್ಚೂ ಬರಬಹುದು.

ಇನ್ನೊಂದು ಹಲ್ಲು ತಂದೆತಾಯಿಯ ಕಣ್ಣು ತಪ್ಪಿಸಿ ಬರುತ್ತದೆ. ಆರನೇ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ, ಯಾವ ಹಲ್ಲೂ ಬೀಳದೆ, ಹೊಸದೊಂದು ದವಡೆಹಲ್ಲು ಮೂಡುತ್ತದೆ. ಯಾವುದೂ ಉದುರಿಲ್ಲವಾದ್ದರಿಂದ ಇದೂ ಹಾಲುಹಲ್ಲೇ ಎಂದುಕೊಳ್ಳುವವರೇ ಹೆಚ್ಚು. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಅದರ ಮೇಲ್ಭಾಗದಲ್ಲಿ ಆಳವಾದ ಗೀರುಗಳಿರುತ್ತವೆ, ಅಂಟುವ ಬಿಸ್ಕತ್ತು, ಚಾಕಲೇಟು ಅಲ್ಲಿ ಸಿಕ್ಕಿಕೊಂಡರೆ ಬ್ರಷ್ಷಿನ ಎಳೆಗೂ ಎಟುಕುವುದಿಲ್ಲ. ಆ ಗೀರುಗಳನ್ನು ತೆಳುವಾದ ರಾಳದಿಂದ ಮುಚ್ಚುವ ಸೀಲೆಂಟ್ ಎಂಬ ಕೆಲಸ ಕೆಲವೇ ನಿಮಿಷದ್ದು, ಇಂಜೆಕ್ಷನ್ ಇಲ್ಲ, ಕೊರೆಯುವುದಿಲ್ಲ. ಇಡೀ ಹಲ್ಲಿನ ಲೆಕ್ಕಾಚಾರದಲ್ಲಿ ಕೊಟ್ಟ ದುಡ್ಡಿಗೆ ಇದಕ್ಕಿಂತ ಹೆಚ್ಚು ಫಲ ಕೊಡುವ ಖರ್ಚು ಸಿಗುವುದು ಕಷ್ಟ.

ಹುಳುಕಿನ ಖರ್ಚು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಬಿಳಿ ಕಲೆಯ ಹಂತದಲ್ಲಿ ಫ್ಲೋರೈಡ್ ಲೇಪ ಸಾಕು. ಗುಳಿ ಬಿದ್ದ ಮೇಲೆ ಸಿಮೆಂಟ್ ತುಂಬಿಸಬೇಕು. ನರದವರೆಗೆ ಹೋದರೆ ಹಾಲುಹಲ್ಲಿಗೂ ರೂಟ್ ಕೆನಾಲ್ ರೀತಿಯ ಚಿಕಿತ್ಸೆ ಮಾಡಿ, ಮೇಲೆ ಉಕ್ಕಿನ ಕ್ಯಾಪ್ ಕೂರಿಸಬೇಕಾಗುತ್ತದೆ. ಬಿಲ್ಲು ಅಲ್ಲಿಗೆ ತುಂಬಿಸುವ ಖರ್ಚಿನ ಹಲವು ಪಟ್ಟಾಗಿರುತ್ತದೆ. ಬಾಯಿ ತೆರೆಯದೆ ಹಟ ಮಾಡುವ ಮೂರು ವರ್ಷದ ಮಗುವಿಗೆ ಆರೆಂಟು ಹಲ್ಲು ಕೆಟ್ಟಿದ್ದರೆ ಆಸ್ಪತ್ರೆಗೆ ಸೇರಿಸಿ, ಪೂರ್ತಿ ಅರಿವಳಿಕೆ ಕೊಟ್ಟು ಒಂದೇ ಸಲಕ್ಕೆ ಮುಗಿಸಬೇಕಾಗಬಹುದು. ಆಗ ಅರಿವಳಿಕೆ ತಜ್ಞರ ಶುಲ್ಕ, ಆಪರೇಷನ್ ಥಿಯೇಟರಿನ ಬಾಡಿಗೆ ಎಲ್ಲ ಸೇರುತ್ತದೆ. ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಕೂಸುಗಳಲ್ಲಿ ಈ ಸ್ಥಿತಿ ಹೆಚ್ಚು. ಮೊದಲ ಹಲ್ಲು ಬಂದ ದಿನದಿಂದಲೇ ಅಕ್ಕಿಕಾಳಿನಷ್ಟು, ಮೂರು ವರ್ಷದ ಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ದಿನಕ್ಕೆರಡು ಸಲ ದೊಡ್ಡವರೇ ಉಜ್ಜಿಸಬೇಕೆಂಬ ಸಲಹೆ ಖರ್ಚಿನ ದೃಷ್ಟಿಯಿಂದಲೂ ಲಾಭದ್ದೇ.

ಪುಣೆಯ ಪೇಟೆಗಳಲ್ಲಿ, ಬಡಾವಣೆಗಳಲ್ಲಿ ಖಾಸಗಿ ದಂತ ಕ್ಲಿನಿಕ್ಕುಗಳಿಗೆ ಕೊರತೆಯಿಲ್ಲ. ದರಕ್ಕೆ ನಿಗದಿಯಿಲ್ಲ, ಕೊಥ್ರೂಡಿನಲ್ಲೊಂದು, ಕೋರೆಗಾಂವ್ ಪಾರ್ಕಿನಲ್ಲೊಂದು. ಆದ್ದರಿಂದ ಚಿಕಿತ್ಸೆ ಶುರುವಾಗುವ ಮುನ್ನ ಯಾವ ಹಲ್ಲಿಗೆ ಏನು, ಎಷ್ಟು ಎಂದು ಬರೆಸಿಕೊಳ್ಳುವುದು ಸಂಕೋಚಪಡುವ ಸಂಗತಿಯಲ್ಲ. ಎಕ್ಸ್-ರೇ, ಕ್ಯಾಪ್, ಮುಂದಿನ ಭೇಟಿಗಳು ಆ ಮೊತ್ತದಲ್ಲೇ ಸೇರಿವೆಯೇ ಎಂದೂ ಕೇಳಬೇಕು.

ಕೈಗೆಟುಕುವ ದರಕ್ಕೆ ದಂತ ವೈದ್ಯಕೀಯ ಕಾಲೇಜುಗಳಿವೆ. ಧನಕವಡಿಯ ಭಾರತಿ ವಿದ್ಯಾಪೀಠ, ಕ್ಯಾಂಪಿನ ಆಜಂ ಕ್ಯಾಂಪಸ್ಸಿನ ರಂಗೂನ್‌ವಾಲಾ, ವಡಗಾಂವ್‌ನ ಸಿಂಹಗಡ, ಪಿಂಪ್ರಿಯ ಡಿ.ವೈ. ಪಾಟೀಲ್ ಇವುಗಳಲ್ಲಿ ಹೆಸರಾದವು. ಇಂಥ ಕಾಲೇಜುಗಳಲ್ಲಿ ಮಕ್ಕಳ ಹಲ್ಲಿಗೆಂದೇ ಪ್ರತ್ಯೇಕ ವಿಭಾಗ ಇರುತ್ತದೆ. ಕಲಿಯುವ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಿಗೆ ಕೆಲಸ ಮಾಡುವುದರಿಂದ ಹಣ ಉಳಿಯುತ್ತದೆ, ಹೊತ್ತು ಹೋಗುತ್ತದೆ. ಖಾಸಗಿಯಲ್ಲಿ ಒಂದು ಸಂಜೆಗೆ ಮುಗಿಯುವುದು ಇಲ್ಲಿ ಎರಡು ಮೂರು ಬೆಳಗ್ಗೆ ತೆಗೆದುಕೊಳ್ಳಬಹುದು. ದಿನಗೂಲಿಯವರು ಆ ಬೆಳಗ್ಗೆಗಳ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ ಎಂಬುದನ್ನು ಅಗ್ಗದ ಚಿಕಿತ್ಸೆಯ ಮಾತಾಡುವವರು ಮರೆಯುತ್ತಾರೆ.

ಸರ್ಕಾರದ ಕಡೆಯಿಂದ ಮಕ್ಕಳಿಗೆಂದೇ ಇರುವುದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. 2013ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲೇ ಇದು ಆರಂಭವಾಯಿತು. ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಯವರನ್ನು ವರ್ಷಕ್ಕೊಮ್ಮೆ ವೈದ್ಯರ ತಂಡ ನೋಡಬೇಕು. ನೋಡುವ ಕಾಯಿಲೆಗಳ ಪಟ್ಟಿಯಲ್ಲಿ ಹಲ್ಲಿನ ತೊಂದರೆ, ಸೀಳುತುಟಿ ಎರಡೂ ಇವೆ. ತಂಡ ಚೀಟಿ ಬರೆದುಕೊಟ್ಟರೆ ಮುಂದಿನ ಚಿಕಿತ್ಸೆ ಉಚಿತ. ಆ ಚೀಟಿಯನ್ನು ಶಾಲೆಯ ಚೀಲದಲ್ಲೇ ಮುದುಡಲು ಬಿಡಬಾರದು. ತಿಂಗಳ ಸಂಬಳ 21,000 ರೂಪಾಯಿ ದಾಟದ ಕಾರ್ಖಾನೆ ನೌಕರರ ಮಕ್ಕಳಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಸೌಲಭ್ಯವಿದೆ, ಬಿಬವೇವಾಡಿಯಲ್ಲಿ ಅದರ ಆಸ್ಪತ್ರೆಯಿದೆ. ಖಡಕಿ, ದೇಹೂರೋಡ್ ಭಾಗದ ಕೇಂದ್ರ ಸರ್ಕಾರಿ ನೌಕರರಿಗೆ ಸಿಜಿಎಚ್‌ಎಸ್ ಎಂಬ ಆರೋಗ್ಯ ಯೋಜನೆ, ಸೇನೆಯವರಿಗೆ ಅವರದೇ ದಂತ ಕೇಂದ್ರಗಳು. ಈ ಮೂರೂ ಗುಂಪಿನವರು ಖಾಸಗಿ ವಿಮೆಯ ಯೋಚನೆ ಮಾಡುವ ಮೊದಲು ತಮಗಾಗಲೇ ಇರುವುದನ್ನು ಬಳಸಿಕೊಳ್ಳುವುದು ಜಾಣತನ.

2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಮತ್ತು ಮಹಾರಾಷ್ಟ್ರದ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಕೊಡುತ್ತವೆ. ಆದರೆ ಅವು ಆಸ್ಪತ್ರೆಗೆ ಸೇರುವ ಚಿಕಿತ್ಸೆಗೆ ಮೀಸಲು. ದವಡೆ ಮುರಿದದ್ದಕ್ಕೆ ನೆರವಾದಾವು, ಹಲ್ಲು ತುಂಬಿಸುವುದಕ್ಕೆ ಅಲ್ಲ. ಕರ್ನಾಟಕದ ಆಯುಷ್ಮಾನ್ ಕಾರ್ಡು ಪುಣೆಯಲ್ಲಿ ನಡೆಯುತ್ತದೆಯೇ ಎಂಬುದು ವಲಸೆ ಬಂದವರ ಸಾಮಾನ್ಯ ಪ್ರಶ್ನೆ. ಕೇಂದ್ರ ಯೋಜನೆಯ ಪಟ್ಟಿಯಲ್ಲಿರುವ ಕುಟುಂಬಕ್ಕೆ ಅದು ದೇಶದ ಯಾವುದೇ ನೋಂದಾಯಿತ ಆಸ್ಪತ್ರೆಯಲ್ಲಿ ನಡೆಯಬೇಕು.

ಇನ್ನು ಖಾಸಗಿ ಆರೋಗ್ಯ ವಿಮೆ. ಬಹುತೇಕ ಪಾಲಿಸಿಗಳಲ್ಲಿ ಹಲ್ಲಿನ ಚಿಕಿತ್ಸೆ ‘ಇವು ಸೇರಿಲ್ಲ’ ಎಂಬ ಪಟ್ಟಿಯಲ್ಲಿರುತ್ತದೆ, ಜೊತೆಗೊಂದು ಬಾಲ: ಅಪಘಾತದಿಂದಾಗಿ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಮಾತ್ರ ಅನ್ವಯ. ಈ ಬಾಲದಲ್ಲಿ ಎರಡು ಷರತ್ತುಗಳಿವೆ. ಅಪಘಾತ ಆಗಿರಬೇಕು, ಆಸ್ಪತ್ರೆಗೂ ಸೇರಿರಬೇಕು. ಸೈಕಲ್ಲಿನಿಂದ ಬಿದ್ದ ಹುಡುಗಿಯ ಮುಂದಿನ ಹಲ್ಲು ಮುರಿದು, ಕ್ಲಿನಿಕ್ಕಿನ ಕುರ್ಚಿಯಲ್ಲೇ ಸರಿಮಾಡಿಸಿಕೊಂಡು ಮನೆಗೆ ಬಂದರೆ ಮೊದಲನೆಯದು ಪೂರೈಸಿತು, ಎರಡನೆಯದು ಇಲ್ಲ. ಕ್ಲೇಮು ಬಿದ್ದುಹೋಗುವುದು ಇಲ್ಲಿಯೇ. 2020ರ ಏಪ್ರಿಲ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಂದ ಮಾರಿಸತೊಡಗಿದ ‘ಆರೋಗ್ಯ ಸಂಜೀವನಿ’ ಪಾಲಿಸಿ ಸ್ವಲ್ಪ ಉದಾರ, ಅಪಘಾತವಷ್ಟೇ ಅಲ್ಲದೆ ಕಾಯಿಲೆಯಿಂದ ಬೇಕಾದ ದಂತ ಚಿಕಿತ್ಸೆಯನ್ನೂ ಒಪ್ಪುತ್ತದೆ. ಅದೂ ಆಸ್ಪತ್ರೆ ಖರ್ಚಿನ ಭಾಗವಾಗಿಯೇ, 5% ಹಣ ಗ್ರಾಹಕರ ಪಾಲಿಗೆ. ಅಂದಕ್ಕಾಗಿ ಮಾಡಿಸುವುದಕ್ಕೆ ಹಣವಿಲ್ಲವೆಂಬ ಷರತ್ತು ಸಾಮಾನ್ಯ, ಕ್ಲಿಪ್ಪಿನ ಬಿಲ್ಲು ಅದಕ್ಕೆ ಸಿಕ್ಕಿಬೀಳುತ್ತದೆ.

ಕಂಪನಿಗಳು ಹೀಗೇಕೆ ಹಿಂದೇಟು ಹಾಕುತ್ತವೆ ಎಂಬುದನ್ನು ಬೈಯುವ ಮೊದಲು ಯೋಚಿಸಬೇಕು. ವಿಮೆ ನಡೆಯುವುದು ಸಾವಿರ ಜನ ಹಣ ಹಾಕಿ, ಹತ್ತು ಜನಕ್ಕೆ ದೊಡ್ಡ ಪೆಟ್ಟು ಬಿದ್ದಾಗ. ಮಕ್ಕಳ ಹಲ್ಲಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಸಣ್ಣ ಸಣ್ಣ ಖರ್ಚು ಬಂದೇ ಬರುತ್ತದೆ, ಅದೂ ಮೊದಲೇ ಗೊತ್ತಾಗುತ್ತದೆ. ಹುಳುಕು ಕಂಡ ಮೇಲೆ ಪಾಲಿಸಿ ಕೊಂಡು, ತುಂಬಿಸಿಕೊಂಡು, ಮುಂದಿನ ವರ್ಷ ಬಿಟ್ಟುಬಿಡುವವರೂ ಇರುತ್ತಾರೆ. ಅದಕ್ಕೇ ಹಲ್ಲಿನ ರಕ್ಷಣೆ ಕೊಡುವ ಯೋಜನೆಗಳಲ್ಲೂ ಕಾಯುವ ಅವಧಿ, ವಾರ್ಷಿಕ ಮಿತಿ, ಗ್ರಾಹಕರ ಪಾಲು ಎಂಬ ಮೂರು ಬೇಲಿಗಳಿರುತ್ತವೆ.

ಬೇರೆ ದೇಶಗಳು ಬೇರೆ ದಾರಿ ಹಿಡಿದಿವೆ. ಬ್ರಿಟನ್ನಿನ ಸರ್ಕಾರಿ ವ್ಯವಸ್ಥೆಯಲ್ಲಿ 18 ವರ್ಷದೊಳಗಿನವರ ಹಲ್ಲಿಗೆ ಶುಲ್ಕವಿಲ್ಲ. ಅಮೆರಿಕದಲ್ಲಿ ಹಲ್ಲಿನ ವಿಮೆ ಪ್ರತ್ಯೇಕ ವ್ಯವಹಾರ, ತಪಾಸಣೆಗೆ ಪೂರ್ತಿ, ತುಂಬಿಸುವುದಕ್ಕೆ 80%, ಕ್ಯಾಪಿಗೆ 50% ಎಂಬ ಲೆಕ್ಕ ಅಲ್ಲಿ ರೂಢಿ. ಅಲ್ಲಿ ಆನ್‌ಸೈಟ್ ಕೆಲಸ ಮುಗಿಸಿ ಪುಣೆಗೆ ಮರಳಿದ ಕುಟುಂಬಗಳು ಇಲ್ಲೂ ಅದನ್ನೇ ಹುಡುಕಿ ನಿರಾಶರಾಗುತ್ತವೆ.

ಇಲ್ಲಿ ಅದಕ್ಕೆ ಹತ್ತಿರದ್ದು ಓಪಿಡಿ ರಕ್ಷಣೆ. ಆಸ್ಪತ್ರೆಗೆ ಸೇರದ ಖರ್ಚನ್ನೂ ಒಂದು ಮಿತಿಯವರೆಗೆ ಭರಿಸುವ ಹೆಚ್ಚುವರಿ ಸೌಲಭ್ಯ ಇದು. ಕೆಲವು ಐಟಿ ಕಂಪನಿಗಳ ಗುಂಪು ವಿಮೆಯಲ್ಲಿ ಇದಿರುತ್ತದೆ, ನೌಕರರಿಗೇ ಗೊತ್ತಿರುವುದಿಲ್ಲ. ಎಚ್‌ಆರ್ ವಿಭಾಗಕ್ಕೊಂದು ಮೇಲ್ ಹಾಕಿ ಹಲ್ಲು ಸೇರಿದೆಯೇ, ಮಕ್ಕಳೂ ಸೇರಿದ್ದಾರೆಯೇ ಎಂದು ಕೇಳುವುದರಿಂದ ಕಳೆದುಕೊಳ್ಳುವುದೇನಿಲ್ಲ. ಸ್ವಂತ ಹಣದಲ್ಲಿ ಕೊಳ್ಳುವಾಗ ಮಾತ್ರ ಲೆಕ್ಕ ಹಾಕಬೇಕು. ಉದಾಹರಣೆಗೆ ಹೆಚ್ಚುವರಿ ಪ್ರೀಮಿಯಂ 3,500 ರೂಪಾಯಿ, ಹಲ್ಲಿಗೆ ವಾರ್ಷಿಕ ಮಿತಿ 5,000, ಗ್ರಾಹಕರ ಪಾಲು 20% ಎಂದಿಟ್ಟುಕೊಳ್ಳೋಣ. ಮಗುವಿನ ಎರಡು ಹಲ್ಲು ತುಂಬಿಸಲು 3,000 ಆದರೆ ಮರಳಿ ಬರುವುದು 2,400, ಅಲ್ಲಿಗೆ 1,100 ನಷ್ಟ. ಏನೂ ತೊಂದರೆಯಾಗದ ವರ್ಷ 3,500 ಪೂರ್ತಿ ಹೋಯಿತು. 7,000ದ ಬಿಲ್ಲು ಬಂದ ವರ್ಷ ಮಾತ್ರ ಮಿತಿಯಷ್ಟು 5,000 ಕೈಸೇರಿ 1,500 ಲಾಭ. ಅದರ ಬದಲು ತಿಂಗಳಿಗೆ 300 ರೂಪಾಯಿ ಪ್ರತ್ಯೇಕ ಆರ್‌ಡಿ ಕಟ್ಟಿದರೆ ಆರು ವರ್ಷಕ್ಕೆ ಬಡ್ಡಿ ಬಿಟ್ಟೇ 21,600 ಕೂಡುತ್ತದೆ. ಆ ಹಣಕ್ಕೆ ಕಾಯುವ ಅವಧಿಯೂ ಇಲ್ಲ, ಕ್ಲೇಮು ಫಾರಮ್ಮೂ ಇಲ್ಲ. ಪುಣೆಯ ಹೆಚ್ಚಿನ ಮಧ್ಯಮವರ್ಗದ ಮನೆಗಳಿಗೆ ಎರಡನೆಯದೇ ಮೇಲು: ಆಸ್ಪತ್ರೆಯ ದೊಡ್ಡ ಖರ್ಚಿಗೆ ವಿಮೆ, ಹಲ್ಲಿಗೆ ಉಳಿತಾಯ. ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ರದ್ದಾಗಿರುವುದು ಆ ಮೊದಲ ಭಾಗಕ್ಕೆ ಅನುಕೂಲ.

ಕ್ಲಿನಿಕ್ಕುಗಳೂ ಕೆಲವು ಆ್ಯಪ್‌ಗಳೂ ಮಾರುವ ‘ಡೆಂಟಲ್ ಪ್ಲಾನ್’ ಅಥವಾ ಸದಸ್ಯತ್ವದ ಕಾರ್ಡು ವಿಮೆಯಲ್ಲ, ರಿಯಾಯಿತಿಯ ಚೀಟಿ. ಗೊತ್ತುಪಡಿಸಿದ ಕ್ಲಿನಿಕ್ಕಿನಲ್ಲಿ ಮಾತ್ರ ಅದು ನಡೆಯುತ್ತದೆ, ಮೂಲ ದರ ಎಷ್ಟೆಂದು ತಿಳಿಯದೆ ರಿಯಾಯಿತಿಗೆ ಅರ್ಥವಿಲ್ಲ. ಕ್ಲಿಪ್ಪಿಗೆ ಕಂತಿನ ಸಾಲ ಕೊಡಿಸುವುದೂ ಹೆಚ್ಚಾಗಿದೆ. 2024ರ ಅಕ್ಟೋಬರ್‌ನಿಂದ ಬ್ಯಾಂಕು, ಹಣಕಾಸು ಕಂಪನಿಗಳು ಒಟ್ಟು ವಾರ್ಷಿಕ ವೆಚ್ಚದ ದರ ಬರೆದ ಒಂದು ಮಾಹಿತಿ ಪತ್ರ ಕೊಡಲೇಬೇಕು. ‘ಬಡ್ಡಿ ಇಲ್ಲ’ ಎಂದ ಕಂತಿನಲ್ಲಿ ಸಂಸ್ಕರಣಾ ಶುಲ್ಕ ಎಷ್ಟಿದೆಯೆಂದು ಅಲ್ಲಿ ಕಾಣುತ್ತದೆ. ಕ್ಲಿಪ್ಪಿನ ಚಿಕಿತ್ಸೆ ಒಂದೂವರೆ ಎರಡು ವರ್ಷ ಹಿಡಿಯುವುದರಿಂದ ಎಷ್ಟೋ ವೈದ್ಯರು ಸಾಲವಿಲ್ಲದೆಯೇ ಭೇಟಿಗಿಷ್ಟು ಎಂದು ಹಣ ಪಡೆಯಲು ಒಪ್ಪುತ್ತಾರೆ, ಕೇಳಬೇಕಷ್ಟೆ.

ಅಪಘಾತವಾದಾಗ ಹಣಕ್ಕಿಂತ ಮೊದಲು ಹಲ್ಲು. ಬುಡಸಮೇತ ಕಿತ್ತು ಬಂದ ಶಾಶ್ವತ ಹಲ್ಲನ್ನು ಬೇರು ಮುಟ್ಟದೆ ಎತ್ತಿ, ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ವೈದ್ಯರಲ್ಲಿಗೆ ಓಡಬೇಕು, ಮತ್ತೆ ಕೂರಿಸಲು ಸಾಧ್ಯ. ಹಾಲುಹಲ್ಲನ್ನು ಮಾತ್ರ ಹಾಗೆ ಕೂರಿಸುವುದಿಲ್ಲ. ಆಮೇಲೆ ಕಾಗದ: ಬಿದ್ದ ದಿನ, ಕಾರಣ ಬರೆದ ಮೊದಲ ಚೀಟಿ, ಎಕ್ಸ್-ರೇ, ವೈದ್ಯರ ನೋಂದಣಿ ಸಂಖ್ಯೆಯಿರುವ ಬಿಲ್ಲು. ಆಸ್ಪತ್ರೆಗೆ ಸೇರಿಸುವ ಅಗತ್ಯವಿದ್ದರೆ ಯಾಕೆ ಬೇಕಾಯಿತೆಂದು ವೈದ್ಯರಿಂದ ಬರೆಸಿರಬೇಕು.

ಕ್ಲೇಮು ತಿರಸ್ಕಾರವಾದರೆ ಯಾವ ಷರತ್ತಿನಡಿ ಎಂದು ಕಂಪನಿಯಿಂದ ಲಿಖಿತವಾಗಿ ಪಡೆಯಬೇಕು. ಕಂಪನಿಗೆ ಕೊಟ್ಟ ದೂರಿಗೆ ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ನಾರಾಯಣ ಪೇಟೆಯ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ.